ಬೋರ್ಡು ಕುಣಿಯುತ್ತದೆ ಎಂದ ಕಂಡಕ್ಟರ್

ಆಕೆ ಮೊದಲ ಸಲ ನನ್ನಲ್ಲಿಗೆ ಬಂದದ್ದು ಡ್ಯೂಟಿಯ ಖಾಕಿ ಬಟ್ಟೆಯಲ್ಲೇ. ಹೆಗಲಲ್ಲಿ ಚೀಲ, ಕೈಯಲ್ಲಿ ಟಿಕೆಟ್ ಮಷೀನು. ಹಿರೇಕೆರೂರಿನ ಟ್ರಿಪ್ ಮುಗಿದಿತ್ತು, ಮುಂದಿನದಕ್ಕೆ ಮುಕ್ಕಾಲು ಗಂಟೆ ಬಾಕಿಯಿತ್ತು. ಹಾನಗಲ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಫಿಜಿಯೋಥೆರಪಿ ಕೋಣೆ. ಎರಡು ಮಂಚ, ಗೋಡೆಗೆ ಬಿಗಿದ ಒಂದು ಏಣಿ, ಮೊಣಕಾಲು ನೋವಿನವರು ತುಳಿಯುವ ಸೈಕಲ್ಲು. ಇಷ್ಟೇ ನನ್ನ ಸಂಸಾರ. ಸೊಂಟನೋವಿನ ಡ್ರೈವರುಗಳು ಆಗಾಗ ಬರುತ್ತಿದ್ದರು. ಅವರಲ್ಲೊಬ್ಬರು ಈಕೆಯನ್ನು ಕಳಿಸಿದ್ದರು.

ನಲವತ್ತರ ಆಸುಪಾಸಿನ ಹೆಂಗಸು. ಮನೆ ಅಕ್ಕಿಆಲೂರು, ಗಂಡ ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಹದಿಮೂರು ವರ್ಷದಿಂದ ಬಸ್ಸಿನಲ್ಲಿ ನಿಂತೇ ದುಡಿದವಳು. ಕೋಣೆಯೊಳಗೆ ನಡೆದು ಬರುವಾಗ ಮಾತ್ರ ಪಾದಗಳನ್ನು ಅಗಲಿಸಿ, ಒದ್ದೆ ನೆಲದ ಮೇಲೆ ಹೆಜ್ಜೆಯಿಡುವವರ ಹಾಗೆ ಬಂದಳು.

"ತಲಿ ತಿರಗತೈತೇನ್ರಿ ಅಕ್ಕಾರ?" ಎಂದೆ.

"ತಿರಗಂಗಿಲ್ರಿ ಮೇಡಮ್ಮಾರ. ನಡದ್ರ ಬೋರ್ಡು ಕುಣಿತಾವು. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಎಲ್ಲಾ. ನಾ ನಿಂತ್ರ ಅವೂ ನಿಂದರ್ತಾವು."

ರೋಗದ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಈ ಮಾತಿನಲ್ಲೇ ಇತ್ತು. ಕೇಳಿಸಿಕೊಳ್ಳುವಷ್ಟು ವ್ಯವಧಾನ ನನಗಿರಲಿಲ್ಲ.

ಅದಕ್ಕೊಂದು ಕಾರಣ ಹೇಳಬೇಕು. ಹಿಂದಿನ ವರ್ಷ ಹುಬ್ಬಳ್ಳಿಯ ಒಬ್ಬ ಕಿವಿ ಡಾಕ್ಟರ ಬಳಿ ತಲೆಸುತ್ತಿನ ಚಿಕಿತ್ಸೆಯ ಸಣ್ಣ ತರಬೇತಿ ಪಡೆದು ಬಂದಿದ್ದೆ. ಒಳಗಿವಿಯಲ್ಲಿ ಸುಣ್ಣದ ಹರಳಿನಂಥ ಕಣಗಳಿವೆ. ಅವು ತಮ್ಮ ಜಾಗದಿಂದ ಕಳಚಿ ಪಕ್ಕದ ಕೊಳವೆಗೆ ಬಿದ್ದರೆ, ಮಗ್ಗುಲು ಬದಲಿಸಿದಾಗೆಲ್ಲ ಲೋಕ ಗಿರಗಿರ ತಿರುಗುತ್ತದೆ. ರೋಗಿಯನ್ನು ಮಲಗಿಸಿ, ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿದರೆ ಕಣಗಳು ಮರಳಿ ಸ್ವಸ್ಥಾನಕ್ಕೆ ಹೋಗುತ್ತವೆ. ಹತ್ತು ನಿಮಿಷದ ಕೆಲಸ. ತಿಂಗಳುಗಟ್ಟಲೆ ಮಾತ್ರೆ ನುಂಗಿದವರು ನನ್ನ ಮಂಚದಿಂದ ಎದ್ದು, ಗೋಡೆ ಹಿಡಿಯದೆ ನಡೆದುಹೋಗಿದ್ದರು. ಒಬ್ಬ ಅಜ್ಜಿ ನನ್ನ ಕೈಗಳನ್ನು ಕಣ್ಣಿಗೊತ್ತಿಕೊಂಡಿದ್ದಳು. ಆಮೇಲೆ ತೂರಾಡುತ್ತ ಬಂದವರೆಲ್ಲ ನನಗೆ ಹರಳು ಕಳಚಿದವರಾಗಿಯೇ ಕಂಡರು.

ಆಕೆಯನ್ನು ಮಲಗಿಸಿ, ತಲೆಯನ್ನು ಮಂಚದಂಚಿನಿಂದ ಕೆಳಗಿಳಿಸಿ ಕಣ್ಣು ನೋಡಿದೆ. ಹರಳು ಕಳಚಿದ್ದರೆ ಕಣ್ಣುಗುಡ್ಡೆ ಪಟಪಟನೆ ಒಂದೇ ಕಡೆಗೆ ಎಳೆದೆಳೆದು ಮಿಡಿಯಬೇಕು. ಬಲಗಡೆ ಒಂದಿಷ್ಟು ಮಿಡಿದ ಹಾಗೆ ಕಂಡಿತು. ನೋಡಲೇಬೇಕೆಂದು ಹೊರಟವಳಿಗೆ ಇಲ್ಲದ್ದೂ ಕಾಣುತ್ತದೆ. ತಲೆ ಹೊರಳಿಸಿ, ಕೂರಿಸಿ, ನೀರು ಕೊಟ್ಟೆ. ಆಕೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಈಗ ಏನರ ಔಷಧ ನಡದೇತೇನ್ರಿ?"

"ಉರಿಮೂತ್ರಕ್ಕ ಇಂಜೆಕ್ಷನ್ ನಡದಾವ್ರಿ. ದಿನಾ ಎರಡು. ಒಂಬತ್ತು ದಿನ ಆತು."

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: 'ಮೂತ್ರದ ಸೋಂಕು. ಇಂಜೆಕ್ಷನ್ ನಡೆದಿದೆ. 9 ದಿನ.' ಯಾವ ಇಂಜೆಕ್ಷನ್ ಎಂದು ಕೇಳಲಿಲ್ಲ. ಹೊರಗೆ ಭುಜ ಹಿಡಿದುಕೊಂಡ ಇಬ್ಬರು ಕಾಯುತ್ತಿದ್ದರು.

ಮೂರು ದಿನದ ನಂತರ ಮತ್ತೆ ಬಂದಳು. "ಹಗರ ಆತೇನ್ರಿ?" ಎಂದು ನಗುತ್ತ ಕೇಳಿದೆ. "ಸ್ವಲ್ಪ ಹಗರ ಅನಸ್ತೇತ್ರಿ" ಎಂದಳು. ಅದೇ ಚಿಕಿತ್ಸೆಯನ್ನು ಇನ್ನೊಮ್ಮೆ ಮಾಡಿ ಕಳಿಸಿದೆ. ಬಹಳ ದಿನದ ಮೇಲೆ ಆಕೆ ಅದರ ಬಗ್ಗೆ ಹೇಳಿದಳು: "ನೀವು ಅಷ್ಟ ಖುಷೀಲೆ ಕೇಳಿದ್ರಿ. ಇಲ್ಲ ಅನ್ನಾಕ ಮನಸ್ಸ ಬರಲಿಲ್ಲ."

ಆಮೇಲೆ ಎಂಟು ದಿನ ಸುದ್ದಿಯಿಲ್ಲ. ಒಂಬತ್ತನೆಯ ದಿನ ಆಕೆಯ ಡ್ರೈವರು ಆಕೆಯ ರಟ್ಟೆ ಹಿಡಿದು ಒಳಗೆ ಕರೆತಂದರು. ನಿವೃತ್ತಿಗೆ ಎರಡು ವರ್ಷವಿದ್ದ, ಗಟ್ಟಿಮುಟ್ಟಾದ ಮನುಷ್ಯ. ಆರು ವರ್ಷದಿಂದ ಇಬ್ಬರೂ ಒಂದೇ ಬಸ್ಸಿನಲ್ಲಿದ್ದರು. ಆಕೆಯ ಹುಬ್ಬಿನ ಮೇಲೆ ಪಟ್ಟಿ ಇತ್ತು.

"ತಿರುವಿನ್ಯಾಗ ಬಿದ್ಲ್ರಿ ಮೇಡಮ್ಮಾರ," ಎಂದರು ಡ್ರೈವರು. "ಅದು ಹೋಗ್ಲಿ. ಕಂಡಕ್ಟರ್ ಕುಡದು ಡ್ಯೂಟಿಗೆ ಬರ್ತಾಳ ಅಂತ ಯಾವನೋ ಕಂಪ್ಲೇಂಟ್ ಕೊಟ್ಟಾನ. ಈಕಿ ಚಾ ಸೈತ ಕುಡಿಯಂಗಿಲ್ರಿ!"

ಆಕೆ ನೆಲ ನೋಡುತ್ತಿದ್ದಳು.

"ಎರಡು ವಾರದಿಂದ ನಾ ಹಾರ್ನ್ ಹಾಕಾಕತ್ತೇನ್ರಿ," ಡ್ರೈವರು ದನಿ ತಗ್ಗಿಸಿ ಹೇಳಿದರು. "ಎಡಕ್ಕ ತಿರಗೂದಿದ್ರ ಒಂದು, ಬಲಕ್ಕಿದ್ರ ಎರಡು. ಈಕಿ ಕಂಬಿ ಹಿಡಕೊಳ್ಳಲಿ ಅಂತ. ಮಂದಿ ಮುಂದ ಗೊತ್ತಾಗಬಾರ್ದಲ್ರಿ. ಇವತ್ತ ಅಡ್ಡ ಒಂದು ಆಕಳ ಬಂತು, ಹಾರ್ನ್ ಹಾಕಾಕ ಆಗಲಿಲ್ಲ."

ಆಕೆಯನ್ನು ಎದುರಿಗೆ ಕೂರಿಸಿಕೊಂಡು, ಎರಡೂ ಕೈಗಳಿಂದ ತಲೆ ಹಿಡಿದುಕೊಂಡೆ. ನನ್ನ ಮೂಗನ್ನೇ ನೋಡಲು ಹೇಳಿದೆ. ಹಿಡಿದ ತಲೆಯನ್ನು ತಟ್ಟನೆ, ಒಂದು ಗೇಣಿಗಿಂತ ಕಡಿಮೆ, ಬಲಕ್ಕೆ ತಿರುಗಿಸಿದೆ. ಆರೋಗ್ಯವಂತರಲ್ಲಿ ತಲೆ ಬಲಕ್ಕೆ ಹೋದರೆ ಕಣ್ಣು ಅಷ್ಟೇ ವೇಗದಲ್ಲಿ ಎಡಕ್ಕೆ ಸರಿದು, ನೋಟ ಮೂಗಿನ ಮೇಲೇ ನಿಂತಿರುತ್ತದೆ. ಅದು ನಮ್ಮ ಪ್ರಯತ್ನದಿಂದ ಆಗುವ ಕೆಲಸವಲ್ಲ. ಒಳಗಿವಿ ಕಣ್ಣಿಗೆ ನೇರವಾಗಿ ಕೊಡುವ ಆಜ್ಞೆ. ಆಕೆಯ ಕಣ್ಣುಗಳು ತಲೆಯ ಜೊತೆಗೇ ಬಲಕ್ಕೆ ಹೋದವು. ಗುರಿ ತಪ್ಪಿತೆಂದು ತಡವಾಗಿ ತಿಳಿದು, ಹಾರಿ ನನ್ನ ಮೂಗಿಗೆ ಮರಳಿದವು. ಎಡಕ್ಕೆ ತಿರುಗಿಸಿದೆ. ಅದೇ. ಮತ್ತೆ ಬಲಕ್ಕೆ. ಅದೇ.

ಒಂದು ಕಿವಿ ಕೆಟ್ಟಿದ್ದರೆ ಲೋಕ ತಿರುಗುತ್ತದೆ. ಎರಡೂ ಒಟ್ಟಿಗೆ ಕೆಟ್ಟರೆ ತಿರುಗುವುದಿಲ್ಲ, ಕುಣಿಯುತ್ತದೆ.

ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಹಾಳೆಯಿತ್ತು. ಅಲುಗದೆ ಕೂತು ಕೊನೆಯ ಸಾಲಿನ ಹಿಂದಿನದನ್ನು ಸಲೀಸಾಗಿ ಓದಿದಳು. ತಲೆಯನ್ನು ಎಡಬಲ ಅಲುಗಿಸುತ್ತ ಓದಿಸಿದಾಗ ಮೇಲಿನ ಒಂದು ಸಾಲು ಬಿಟ್ಟು ಮತ್ತೇನೂ ಓದಲಾಗಲಿಲ್ಲ. ಆಮೇಲೆ ಸ್ಪಂಜಿನ ದಪ್ಪ ಹಾಸಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದೆ. ಮೂರು ಎಣಿಸುವುದರೊಳಗೆ ಕಡಿದ ಬಾಳೆಯ ಗಿಡದ ಹಾಗೆ ಹಿಂದಕ್ಕೆ ಬಂದಳು. ನಾನು ಹಿಂದೆಯೇ ನಿಂತಿದ್ದೆ, ತೋಳಲ್ಲಿ ಹಿಡಿದೆ. ವಿಚಿತ್ರವೆಂದರೆ, ಬೀಳುತ್ತಿದ್ದೇನೆಂದು ಆಕೆಗೆ ಗೊತ್ತೇ ಆಗಿರಲಿಲ್ಲ. ಕೈಗಳು ಮೇಲೇಳಲೇ ಇಲ್ಲ.

"ಯಾವ ಇಂಜೆಕ್ಷನ್ ಅಕ್ಕಾರ?" ಎಂದು ಆಗ ಕೇಳಿದೆ.

ಚೀಲದಿಂದ ನಾಲ್ಕು ಮಡಿಕೆಯ ಚೀಟಿ ತೆಗೆದಳು. ಜೆಂಟಾಮೈಸಿನ್. ದಿನಕ್ಕೆ ಎರಡು, ಐದು ದಿನ. ಬರೆದ ಡಾಕ್ಟರರದು ಏನೂ ತಪ್ಪಿರಲಿಲ್ಲ. ಐದು ದಿನದ ಮೇಲೆ ಮತ್ತೆ ಜ್ವರ ಬಂದಿತ್ತು. ಆಕೆಗೆ ಡಾಕ್ಟರ ಬಳಿ ಹೋಗಿ ಸರದಿಯಲ್ಲಿ ಕೂರಲು ರಜೆ ಸಿಕ್ಕಿರಲಿಲ್ಲ. ಊರಲ್ಲಿ ಸೂಜಿ ಚುಚ್ಚುತ್ತಿದ್ದ ಕಾಂಪೌಂಡರ್ "ಇದನ್ನ ಮುಂದುವರಸೂಣು, ಪೂರ್ತಿ ಹೋಗ್ಲಿ" ಎಂದಿದ್ದ. ಆ ಬೆಳಿಗ್ಗೆಗೆ ಇಪ್ಪತ್ತೊಂದು ದಿನ.

"ಮೂತ್ರದ ಸೋಂಕು ಪದೇ ಪದೇ ಬರ್ತೇತೇನ್ರಿ?"

"ಬರದ ಏನ್ರಿ? ಡ್ಯೂಟಿ ದಿನ ನಾ ನೀರ ಕುಡಿಯಂಗಿಲ್ಲ. ಕುಡದ್ರ ಹೋಗೂದೆಲ್ಲಿ? ಗಂಡಸ್ರು ಬಸ್ಸಿನ ಹಿಂದ ನಿಂದರ್ತಾರ. ನಾವು?"

ನೀರು ಕಡಿಮೆಯಾದ ಮೈಯಲ್ಲಿ ಆ ಔಷಧ ಬೇಗ ಹೊರಹೋಗುವುದಿಲ್ಲ. ಒಳಗಿವಿಯಲ್ಲಿ ಉಳಿಯುತ್ತದೆ. ಅಲ್ಲಿನ ಸೂಕ್ಷ್ಮ ಕೋಶಗಳನ್ನು ಒಂದೊಂದಾಗಿ ಕೊಲ್ಲುತ್ತದೆ. ಇದನ್ನು ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ.

ಇಂಜೆಕ್ಷನ್ ಅವತ್ತೇ ನಿಂತಿತು. ಚೀಟಿ ಬರೆದ ಡಾಕ್ಟರಿಗೆ ಫೋನ್ ಮಾಡಿದೆ, ಅವರು ಬೇರೆ ಔಷಧ ಕೊಟ್ಟರು. ಆಕೆ ಹೋದಮೇಲೆ ನೋಟ್‌ಬುಕ್ ತೆರೆದು ನನ್ನದೇ ಅಕ್ಷರ ನೋಡಿದೆ. '9 ದಿನ.' ಇಪ್ಪತ್ತೊಂದರಲ್ಲಿ ಒಂಬತ್ತು ಕಳೆದರೆ ಹನ್ನೆರಡು. ಆ ಹನ್ನೆರಡು ದಿನ ನನ್ನ ಲೆಕ್ಕಕ್ಕೆ ಸೇರಿದವು.

ಎರಡು ದಿನ ಬಿಟ್ಟು ಆಕೆಯನ್ನು ಹುಬ್ಬಳ್ಳಿಗೆ, ನನಗೆ ಕಲಿಸಿದ ಕಿವಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಶ್ರವಣ ಚೆನ್ನಾಗಿಯೇ ಇತ್ತು, ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಆಮೇಲೆ ಮಲಗಿಸಿ ಕಿವಿಯೊಳಗೆ ಮಂಜುಗಡ್ಡೆಯ ನೀರು ಬಿಟ್ಟರು. ಒಳಗಿವಿ ಬದುಕಿದ್ದರೆ ಈ ತಂಪಿಗೆ ಅದು ಕೆರಳಿ, ಕಣ್ಣು ಒಂದೇ ಸಮನೆ ಹೊಯ್ದಾಡುತ್ತದೆ. ಎಂಥವರಿಗೂ ವಾಂತಿ ಬರುತ್ತದೆ. ನರ್ಸು ಬೋಗುಣಿ ಹಿಡಿದು ನಿಂತಿದ್ದಳು.

"ಹೆಂಗ ಅನಸ್ತೇತವ್ವ?" ಎಂದರು ಡಾಕ್ಟರು.

"ತಣ್ಣಗ ಅನಸ್ತೇತ್ರಿ."

"ತಿರಗಿದಂಗ?"

"ಇಲ್ರಿ. ತಣ್ಣಗ, ಅಷ್ಟ."

ಕಣ್ಣುಗಳು ಚಾವಣಿಯ ಮೇಲೆ ನೆಟ್ಟಂತೆ ನಿಂತಿದ್ದವು. ಇನ್ನೊಂದು ಕಿವಿ. ಅದೂ ಹಾಗೆಯೇ. ನರ್ಸು ಬೋಗುಣಿಯನ್ನು ಬದಿಗಿಟ್ಟಳು. ವಾಂತಿ ಬರಲಿಲ್ಲವೆಂದು ಮಲಗಿದ್ದ ಆಕೆಗೆ ಸಮಾಧಾನವೇ ಆಗಿತ್ತು, ನನ್ನನ್ನು ನೋಡಿ ಮುಗುಳ್ನಕ್ಕಳು.

ಡಾಕ್ಟರು ನನ್ನನ್ನು ಹೊರಗೆ ಕರೆದರು. "ಮೊದಲ ಸಲ ನಿನ್ನ ಕಡೆ ಬಂದಾಗ ಎಷ್ಟು ದಿನ ಆಗಿತ್ತು?"

"ಒಂಬತ್ತು, ಸರ್."

"ಅವತ್ತ ನಿಲ್ಲಿಸಿದ್ರ ಇಷ್ಟು ಉಳೀತಿತ್ತು ಅಂತ ಯಾರಿಗೂ ಹೇಳಾಕ ಆಗಂಗಿಲ್ಲ. ನಿಲ್ಲಿಸಿದ ಮ್ಯಾಲೂ ಅದು ತನ್ನ ಕೆಲಸ ಬಿಡಂಗಿಲ್ಲ. ಆದ್ರ ಏನರ ಒಂದಿಷ್ಟು ಉಳೀತಿತ್ತೇನೋ."

"ಆಕಿಗೆ ಹೇಳ್ಲೇನ್ರಿ?"

"ಅದನ್ನ ನಾ ಹೇಳಿಕೊಡಾಕ ಬರಂಗಿಲ್ಲವ್ವ," ಎಂದು ಒಳಗೆ ಹೋದರು.

ಮರಳಿ ಬರುವ ಬಸ್ಸಿನಲ್ಲಿ ಆಕೆ ಕಿಟಕಿಗೆ ಕೂತಿದ್ದಳು. ತಡಸ ದಾಟಿದ ಮೇಲೆ ಕೇಳಿದಳು: "ನನ್ನ ಕಿವ್ಯಾಗ ಏನ ಸತ್ತೇತಿ, ತಿಳಿಯೂಹಂಗ ಹೇಳ್ರಿ."

ಹೇಳಿದೆ. ಕೇಳಿಸುವ ಭಾಗದ ಪಕ್ಕದಲ್ಲೇ, ಎಲುಬಿನೊಳಗೆ, ಸಣ್ಣ ಬಳೆಗಳಂಥ ಮೂರು ಕೊಳವೆಗಳಿವೆ. ಒಂದು ಮಲಗಿದೆ, ಎರಡು ಒಂದಕ್ಕೊಂದು ಅಡ್ಡವಾಗಿ ನಿಂತಿವೆ. ಒಳಗೆ ನೀರು. ತಲೆ ತಿರುಗಿದಾಗ ಬಳೆ ಜೊತೆಗೇ ತಿರುಗುತ್ತದೆ, ನೀರು ಒಂದು ಗಳಿಗೆ ಹಿಂದುಳಿಯುತ್ತದೆ...

"ಬಸ್ ಜಗ್ಗಿದಾಗ ನಿಂತ ಮಂದಿ ಹಿಂದಕ್ಕ ವಾಲಿದಂಗ?"

"ಅದ ಅಕ್ಕಾರ. ಹಂಗ ಹಿಂದುಳಿದ ನೀರು ಅಲ್ಲಿರೂ ಕೂದಲಿನಂಥ ಎಳಿಗೋಳ್ನ ಬಾಗಸ್ತೇತಿ. ಎಳಿ ಬಾಗಿದ್ದನ್ನ ನೋಡಿ ಮೆದುಳು, ತಲಿ ಈ ಕಡೆ ತಿರಗೇತಿ ಅಂತ ತಿಳಕೊಂತೇತಿ. ಕಣ್ಣಿಗೆ ಹೇಳ್ತೇತಿ, ಕಾಲಿಗೆ ಹೇಳ್ತೇತಿ. ಕೊಳವಿ ಪಕ್ಕಕ್ಕ ಎರಡು ಸಣ್ಣ ಚೀಲ ಅದಾವು. ಅದರಾಗ ಹರಳು ಹೊತ್ತ ಎಳಿ. ಮುಂದ ಹೊಂಟೇನೋ, ಕೆಳಗ ಇಳದೇನೋ, ಒಂದ್ಕಡೆ ವಾಲೇನೋ, ಅದನ್ನ ಅವು ಹೇಳ್ತಾವು."

"ಆ ಎಳಿ ಸತ್ತಾವು."

"ಹೂಂ."

"ಮತ್ತ ಹುಟ್ಟಂಗಿಲ್ಲ?"

"ಇಲ್ರಿ ಅಕ್ಕಾರ."

ಹಾನಗಲ್ಲಿನಲ್ಲಿ ಇಳಿಯುವಾಗ, "ಹಂಗಾರ ಏನ್ ಕಲಸ್ತೀರಿ?" ಎಂದಳು.

ಸತ್ತ ಎಳೆಗಳನ್ನು ಬದುಕಿಸಲಾಗುವುದಿಲ್ಲ. ಆದರೆ ದೇಹ ಸಮತೋಲಕ್ಕೆ ಮೂರು ಸಾಕ್ಷಿಗಳನ್ನು ಕೇಳುತ್ತದೆ: ಒಳಗಿವಿ, ಕಣ್ಣು, ಅಂಗಾಲು-ಕೀಲುಗಳ ಸ್ಪರ್ಶ. ಒಂದು ಸತ್ತಾಗ ಉಳಿದೆರಡನ್ನು ಹೆಚ್ಚು ದುಡಿಸಬೇಕು. ಮರುದಿನದಿಂದ ಅದೇ ಕೆಲಸ. ಬೆರಳುದ್ದದ ಒಂದು ಅಕ್ಷರವನ್ನು ಗೋಡೆಗೆ ಅಂಟಿಸಿ, ಅದನ್ನು ದಿಟ್ಟಿಸುತ್ತ ತಲೆಯನ್ನು ಎಡಬಲ ಆಡಿಸುವುದು. ಅಕ್ಷರ ಮಸುಕಾಗುವ ವೇಗಕ್ಕೆ ಒಂದು ಕೂದಲೆಳೆ ಹಿಂದೆ ನಿಲ್ಲಬೇಕು. ಒಂದು ನಿಮಿಷ, ದಿನಕ್ಕೆ ಐದು ಸಲ. ಕೂತು, ನಿಂತು, ಕಾಲು ಜೋಡಿಸಿ, ಕೊನೆಗೆ ನಡೆಯುತ್ತ. ಆಮೇಲೆ ಸ್ಪಂಜಿನ ಹಾಸು, ಜಲ್ಲಿ ಕಲ್ಲು, ಮರಳು. ಗದ್ದೆಯ ಬದುವಿನ ಮೇಲೆ ಗಂಡ ಕೈ ಹಿಡಿದು ನಡೆಸುತ್ತಿದ್ದನಂತೆ. ತಲೆನೋವು ಬರುತ್ತಿತ್ತು, ವಾಕರಿಕೆ ಬರುತ್ತಿತ್ತು. ಆಕೆ ಒಂದು ದಿನವೂ ತಪ್ಪಿಸಲಿಲ್ಲ. ಆರನೆಯ ವಾರಕ್ಕೆ ಓಣಿಯಲ್ಲಿ ಯಾರನ್ನೂ ಹಿಡಿಯದೆ ನಡೆದಳು.

ಏಳನೆಯ ವಾರ, ಬಚ್ಚಲಲ್ಲಿ ಮುಖಕ್ಕೆ ಸಾಬೂನು ಹಚ್ಚಿಕೊಂಡು ಕಣ್ಣು ಮುಚ್ಚಿದಳು. ನೆಲ ಒದ್ದೆ, ಕಣ್ಣು ಮುಚ್ಚಿದೆ. ಉಳಿದ ಇಬ್ಬರು ಸಾಕ್ಷಿಗಳೂ ಒಟ್ಟಿಗೇ ಕೈಬಿಟ್ಟರು. ಮುಂಗೈ ಮುರಿಯಿತು. ಒಂದೂವರೆ ತಿಂಗಳು ಪ್ಲಾಸ್ಟರು. ಬಚ್ಚಲಿನ ಬಗ್ಗೆ ನಾನು ಎಚ್ಚರಿಸಿರಲಿಲ್ಲ. ಕೂತೇ ಸ್ನಾನ ಮಾಡಬೇಕು, ಗೋಡೆಗೊಂದು ಹಿಡಿಕೆ ಹಾಕಿಸಬೇಕು ಎಂಬುದು ಆಮೇಲೆ ಹೊಳೆಯಿತು. ಆಕೆಯ ವಿಷಯದಲ್ಲಿ ನನಗೆ ಎಲ್ಲವೂ ಆಮೇಲೆಯೇ ಹೊಳೆಯುತ್ತಿತ್ತು.

ಪ್ಲಾಸ್ಟರು ತೆಗೆದ ವಾರ ಆಕೆ ಒಂದು ಅರ್ಜಿ ಹಿಡಿದು ಬಂದಳು. ರಜೆಗಳೆಲ್ಲ ಮುಗಿದಿದ್ದವು. ಕುಡಿತದ ಕಂಪ್ಲೇಂಟು ಕಿವಿ ಡಾಕ್ಟರ ಕಾಗದದಿಂದ ಬಿದ್ದುಹೋಗಿತ್ತು. ಅದೇ ಕಾಗದ ಈಗ ಬೇರೊಂದು ಪ್ರಶ್ನೆ ಎಬ್ಬಿಸಿತ್ತು. ಬಸ್ಸಿನಲ್ಲಿ ನಿಂತು ದುಡಿಯಲು ಈಕೆ ಯೋಗ್ಯಳೇ? ಡಿಪೋದವರಿಗೆ ಚಿಕಿತ್ಸೆ ಮಾಡಿದವರ ಅಭಿಪ್ರಾಯ ಬೇಕಿತ್ತು.

"ನೀವ ಬರೀಬೇಕು," ಎಂದಳು. "ನಡದಾಡ್ತೇನಿ, ಓದ್ತೇನಿ. ಇನ್ನೇನ್ ಬೇಕ್ರಿ? ಆಫೀಸಿನ್ಯಾಗ ಕುಂದರೂದು ನನ್ನ ಕೈಲೆ ಆಗಂಗಿಲ್ಲ. ಹದಿಮೂರು ವರ್ಷ ಮಂದ್ಯಾಗ ನಿಂತ ಜೀವ ಇದು."

ಬರೆದುಬಿಡೋಣವೆನಿಸಿತು. ಕೈಯಲ್ಲಿ ಪೆನ್ನೂ ಇತ್ತು. ನಾನು ಕಳೆದದ್ದನ್ನು ಒಂದು ಸಹಿಯಿಂದ ತಿರುಗಿ ಕೊಟ್ಟ ಹಾಗಾಗುತ್ತದೆ ಎಂಬ ಆಸೆ ಅದು. ಕರುಣೆಯಂತೆ ಕಂಡರೂ ಕರುಣೆಯಲ್ಲ. "ಒಮ್ಮೆ ಬಸ್ಸಿನ್ಯಾಗ ನೋಡೂಣ್ರಿ," ಎಂದೆ. ಆಕೆಯ ಮುಖ ಅರಳಿತು.

ಹನ್ನೊಂದರ ಬಸ್ಸು ಹಿಡಿದೆವು. ಹಳೆಯ ಡ್ರೈವರೇ ಇದ್ದರು, ಟಿಕೆಟ್ ಕೊಡಲು ಬೇರೊಬ್ಬ ಕಂಡಕ್ಟರ್. ಆಕೆ ಸಾದಾ ಸೀರೆಯಲ್ಲಿ, ಪ್ರಯಾಣಿಕಳಾಗಿ ಬಂದು ಸೀಟುಗಳ ನಡುವಿನ ದಾರಿಯಲ್ಲಿ ನಿಂತಳು. ಡ್ರೈವರಿಗೆ ಹಾರ್ನಿನ ಸನ್ನೆ ಬೇಡವೆಂದು ನಾನೇ ಹೇಳಿದ್ದೆ. ಅವರು ಮುಖ ಸಿಂಡರಿಸಿ ಗೇರು ಹಾಕಿದರು.

ಅಕ್ಕಿಆಲೂರಿನ ಕಡೆಗೆ ನೇರ ರಸ್ತೆಯಲ್ಲಿ ಆಕೆ ಚೆನ್ನಾಗಿಯೇ ನಿಂತಳು. ಪಾದ ಅಗಲಿಸಿ, ತೊಡೆಯನ್ನು ಸೀಟಿನ ಅಂಚಿಗೆ ಒತ್ತಿ, ದೂರದ ಕಂಬವೊಂದರ ಮೇಲೆ ಕಣ್ಣಿಟ್ಟು. ನನ್ನತ್ತ ತಿರುಗಿ ನಕ್ಕಳು. ಮುಂದಿನ ಸೀಟಿನ ಹೆಂಗಸರು ಉಚಿತ ಟಿಕೆಟ್ಟಿಗಾಗಿ ಆಧಾರ್ ಕಾರ್ಡು ಎತ್ತಿ ಹಿಡಿದಿದ್ದರು. ಬಾಗಿ ಅದನ್ನು ಓದಲು ಯತ್ನಿಸಿದಳು. ಕಾರ್ಡು ನೋಡಿದರೆ ಕಂಬ ತಪ್ಪುತ್ತಿತ್ತು, ಕಂಬ ನೋಡಿದರೆ ಕಾರ್ಡು. ನಗು ಮಾಯವಾಯಿತು.

ಹುಣಸೆ ಮರಗಳ ಸಾಲು ಬಂತು. ಬಸ್ಸಿನೊಳಗೆ ನೆರಳು-ಬಿಸಿಲು ಪಟಪಟನೆ ಬಡಿಯಿತು. ಅಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ಹೊಲದ ದಾರಿಯಿಂದ ರಸ್ತೆಗೆ ಏರಿತು. ಡ್ರೈವರು ಬ್ರೇಕ್ ಒತ್ತಿದರು, ಜೋರಾಗಿಯೂ ಅಲ್ಲ. ಬೇರೆ ನಿಂತವರೆಲ್ಲ ಒಂದು ಹೆಜ್ಜೆ ಮುಂದಿಟ್ಟು ಸಾವರಿಸಿಕೊಂಡರು. ಆಕೆ ಕೈ ಎತ್ತಲಿಲ್ಲ, ಹೆಜ್ಜೆ ಇಡಲಿಲ್ಲ, ಮರದ ತುಂಡಿನ ಹಾಗೆ ಹೋಗಿ ಮುಂದಿನ ಸೀಟಿನಲ್ಲಿ ಹಸುಗೂಸು ಎತ್ತಿಕೊಂಡಿದ್ದ ಬಾಣಂತಿಯ ಮೇಲೆ ಬಿದ್ದಳು. ಕೂಸಿನ ನೆತ್ತಿಗೂ ಸೀಟಿನ ಕಬ್ಬಿಣದ ಕಂಬಿಗೂ ನಡುವೆ ನಾಲ್ಕು ಬೆರಳು ಉಳಿದಿತ್ತು. ನಾನು ನೋಡಿದ್ದೇನೆ.

ಕೂಸು ಕಿರುಚಿತು. ಬಾಣಂತಿಯ ಅವ್ವ ಎದ್ದು ನಿಂತು, "ಕಣ್ಣ ಕಾಣಂಗಿಲ್ಲೇನ ನಿನಗ? ಮೈಮ್ಯಾಲೆ ಖಬರ ಇಲ್ಲೇನ?" ಎಂದು ಬೈದಳು. ಆಕೆ ಎರಡೂ ಕೈ ಜೋಡಿಸಿದಳು. ಕೂಸಿಗೆ ಏನೂ ಆಗಿರಲಿಲ್ಲ. ನಾವು ಅಕ್ಕಿಆಲೂರಿನಲ್ಲಿ ಇಳಿದೆವು. ಡ್ರೈವರು ಸ್ಟಿಯರಿಂಗ್ ಬಿಟ್ಟು ಇಳಿಯಲಿಲ್ಲ, ನಮ್ಮತ್ತ ನೋಡಲೂ ಇಲ್ಲ.

ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತೆವು. ಆದರೂ ಆಕೆ ಹೇಳಿದಳು: "ಇವತ್ತ ಮೊದಲನೇ ದಿನ ಅಲ್ರಿ. ರೂಢಿ ಆಗ್ತೇತಿ. ನೀವು ಬರೀರಿ."

"ಬರಿಯಂಗಿಲ್ರಿ ಅಕ್ಕಾರ."

"ಯಾಕ್ರಿ?"

"ಆ ಕೂಸಿನ ತಲಿ ನೋಡಿದ್ರಲ್ಲ."

"ನಿಮಗೇನ್ರಿ?" ದನಿ ಏರಿತು. "ನಿಮ್ಮ ಕೆಲಸ ನಿಮಗೈತಿ. ನಾ ಏನ ತಪ್ಪ ಮಾಡಿದ್ನಿ? ಹೇಳಿದಂಗ ಸೂಜಿ ಚುಚ್ಚಿಸಿಕೊಂಡ್ನಿ, ಹೇಳಿದಂಗ ತಲಿ ಆಡಿಸಿದ್ನಿ. ಯಾರ ತಪ್ಪಿಗೆ ನಾ ಮೂಲಿಗೆ ಕುಂದರ್ಲಿ?"

ಆಗ ಹೇಳಿದೆ. ಮೊದಲೇ ಯೋಚಿಸಿಟ್ಟ ಮಾತುಗಳಲ್ಲ. ಆಕೆಯ ಕೆಲಸವನ್ನು ಕಿತ್ತುಕೊಳ್ಳುವ ಕಾಗದಕ್ಕೆ ಸಹಿ ಹಾಕಿ, ನನ್ನ ಪಾಲನ್ನು ಮಾತ್ರ ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ.

"ನನ್ನ ತಪ್ಪೂ ಐತ್ರಿ. ಮೊದಲ ದಿನ ಬಂದಾಗ ಒಂಬತ್ತು ದಿನದ ಇಂಜೆಕ್ಷನ್ ಆಗಿತ್ತು ನಿಮಗ. ನೀವ ಹೇಳಿದ್ರಿ, ನಾ ಬರಕೊಂಡ್ನಿ. ಯಾವುದು ಅಂತ ಕೇಳಲಿಲ್ಲ. ಕೇಳಿದ್ರ ಅವತ್ತ ನಿಲ್ಲಿಸ್ತಿದ್ದೆ."

"ನಿಲ್ಲಿಸಿದ್ರ?"

"ಗೊತ್ತಿಲ್ರಿ. ಒಂದಿಷ್ಟು ಉಳೀತಿತ್ತೇನೋ. ಬಸ್ಸಿನ್ಯಾಗ ನಿಲ್ಲೂವಷ್ಟು ಉಳೀತಿತ್ತೋ ಇಲ್ಲೋ, ಅದು ಯಾರಿಗೂ ಗೊತ್ತಿಲ್ಲ."

ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಅಲುಗದೆ ಕೂತಿದ್ದರಿಂದ ಆಕೆಗೆ ನನ್ನ ಮುಖ ಸ್ಪಷ್ಟವಾಗಿಯೇ ಕಂಡಿರಬೇಕು. ಎದ್ದು, ಕಂಬದಿಂದ ಕಂಬಕ್ಕೆ ಕೈಯೂರುತ್ತ ನಿಲ್ದಾಣ ದಾಟಿ ಮನೆಯ ದಾರಿ ಹಿಡಿದಳು. ಅವಳ ಹಿಂದೆ ಹೋಗುವ ಧೈರ್ಯ ನನಗಾಗಲಿಲ್ಲ.

ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಎರಡೂ ಒಳಗಿವಿಗಳ ಸಮತೋಲನ ಶಕ್ತಿ ಹೋಗಿದೆ, ಮರಳುವುದಿಲ್ಲ. ಚಲಿಸುವ ವಾಹನದಲ್ಲಿ ನಿಂತು ಮಾಡುವ ಕೆಲಸ ಆಕೆಗೂ ಪ್ರಯಾಣಿಕರಿಗೂ ಅಪಾಯ. ಕೂತು ಮಾಡುವ ಯಾವ ಕೆಲಸಕ್ಕೂ ತೊಂದರೆಯಿಲ್ಲ. ಮೊದಲ ಭೇಟಿಯ ದಿನ, ಆಗ ನಾನು ಕೊಟ್ಟ ತಪ್ಪು ಚಿಕಿತ್ಸೆ, ಎರಡನ್ನೂ ಸೇರಿಸಿದೆ. ಪ್ರತಿಯನ್ನು ಆಕೆಯ ಮನೆಗೆ ಕಳಿಸಿದೆ.

ಇಪ್ಪತ್ತು ದಿನ ಆಕೆ ಬರಲಿಲ್ಲ. ಆ ಇಪ್ಪತ್ತು ದಿನವೂ ಆಕೆಯ ಹೊತ್ತಿಗೆ ಬೇರೆ ಯಾರನ್ನೂ ಬರಹೇಳಲಿಲ್ಲ. ಒಂದು ದಿನ ಡ್ರೈವರು ಸೊಂಟದ ನೆಪ ಮಾಡಿ ಬಂದು, ಮಂಚದ ಮೇಲೆ ಬೋರಲು ಮಲಗಿಕೊಂಡೇ ಹೇಳಿದರು: "ನಾ ಹಾರ್ನ್ ಹಾಕದ ಇದ್ದಿದ್ರ ಮೊದಲನೇ ವಾರನ ಬೀಳ್ತಿದ್ಲು. ಮೊದಲನೇ ವಾರನ ದವಾಖಾನಿಗೆ ಹೋಗ್ತಿದ್ಲು. ಅಲ್ರಿ?" "ನೀವು ಪ್ರೀತಿಲೆ ಮಾಡಿದ್ರಿ" ಎಂದೆ. "ಪ್ರೀತಿಲೆ," ಎಂದರು ಅವರು, ದಿಂಬಿಗೆ ಮುಖ ಒತ್ತಿಕೊಂಡು.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಆಕೆ ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮ ಮ್ಯಾಲೆ ಸಿಟ್ಟೈತ್ರಿ," ಎಂದಳು. "ಹೋಗೇತಿ ಅಂತ ತಿಳಕೋಬ್ಯಾಡ್ರಿ. ಅದು ಇರ್ತೇತಿ. ಮನ್ಯಾಗ ಒಬ್ಬಾಕಿನ ತಲಿ ಆಡಿಸಿದ್ರ ಸರಿ ಆಗವಲ್ದು. ಕಲಸ್ರಿ."

"ಬರ್ರಿ" ಎಂದೆ. ಅಕ್ಷರದ ಹಾಳೆಯ ಮುಂದೆ ನಿಲ್ಲಿಸಿದೆ. ಅವತ್ತು ನಾವಿಬ್ಬರೂ ಎಣಿಕೆಯ ಹೊರತು ಬೇರೇನೂ ಮಾತಾಡಲಿಲ್ಲ.

ಇನ್ನೂ ನಾಲ್ಕು ತಿಂಗಳು ನಡೆಯಿತು. ಕೊನೆಗೆ ಆಕೆಗೆ ಡಿಪೋದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು: ಸಂಜೆ ಬಂದ ಟಿಕೆಟ್ ಮಷೀನುಗಳನ್ನು ಚಾರ್ಜಿಗೆ ಹಾಕುವುದು, ಬೆಳಿಗ್ಗೆ ಬಂದವರಿಗೆ ಕೊಡುವುದು. ಹಗಲಲ್ಲಿ, ಸಮನೆಲದಲ್ಲಿ ಆಕೆಯನ್ನು ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಮುಸ್ಸಂಜೆಯಾದರೆ ಗಂಡ ಬಂದು ಕರೆದುಕೊಂಡು ಹೋಗುತ್ತಾನೆ. ಹೊಸಬರು ಯಾರು ಬಂದರೂ ಈಗ ನಾನು ಔಷಧದ ಚೀಟಿ, ಖಾಲಿ ಸೀಸೆ, ಎಲ್ಲವನ್ನೂ ಮೇಜಿನ ಮೇಲೆ ಇಡಿಸುತ್ತೇನೆ. ಇದರಿಂದ ಆಕೆಗೆ ಆದದ್ದೇನೂ ಇಲ್ಲ.

ಚಿಕಿತ್ಸೆ ಮುಗಿದ ದಿನ ನನಗೂ ಅಕ್ಕಿಆಲೂರಿನಲ್ಲಿ ಪಾರ್ಶ್ವವಾಯುವಿನ ರೋಗಿಯೊಬ್ಬರನ್ನು ನೋಡುವುದಿತ್ತು. ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತೆವು. ಊರು ಬಿಟ್ಟ ಮೇಲೆ ಆಕೆ, ಕೇಳದಿದ್ದರೂ, ಹೇಳಿದಳು:

"ಮೊದಲ ನಾ ಕಣ್ಣ ಮುಚ್ಚಿ ಕುಂತ್ರೂ ಬಸ್ ಎಲ್ಲಿ ಐತಿ ಅಂತ ಹೇಳ್ತಿದ್ನ್ರಿ. ಮೈಗೆ ಗೊತ್ತಾಗ್ತಿತ್ತು. ಇಲ್ಲಿ ಎಡಕ್ಕ ವಾಲ್ತೇತಿ, ಇಲ್ಲಿ ಇಳಕಲ, ಇಲ್ಲಿ ಕೆರಿ ಏರಿ. ಈಗ ಕಣ್ಣ ಮುಚ್ಚಿದ್ರ ಗಾಲಿ ಸಪ್ಪಳ ಕೇಳ್ತೇತಿ, ಸೀಟ ನಡಗತೇತಿ. ಹೊಂಟೇನಿ ಅಂತ ಮಾತ್ರ ಅನಸಂಗಿಲ್ಲ." ನನ್ನತ್ತ ತಿರುಗಿ, "ನೀವ ಮುಚ್ಚಿ ನೋಡ್ರಿ. ಏನ ಅನಸ್ತೇತಿ ನನಗ ಹೇಳ್ರಿ," ಎಂದಳು.

ನಾನು ಕಣ್ಣು ಮುಚ್ಚಿದೆ. ಬಸ್ಸು ಮೆಲ್ಲಗೆ ಎಡಕ್ಕೆ ಬಾಗಿತು. ನೇರವಾಯಿತು. ಹೊಟ್ಟೆ ತುಸು ಹಗುರಾಗಿ ಇಳಿಜಾರು ಬಂತು; ತಳ ಮುಟ್ಟಿ, ಬೆನ್ನನ್ನು ಸೀಟಿಗೊತ್ತಿ ಏರತೊಡಗಿತು. ಬಲಕ್ಕೆ ಹೊರಳಿತು. ಒಂದೊಂದೂ ಎಷ್ಟು ಸ್ಪಷ್ಟವಾಗಿತ್ತು.

"ಹೇಳ್ರಿ," ಎಂದಳು ಆಕೆ.

ಒಂದೊಂದಾಗಿ ಹೇಳುತ್ತ ಹೋದೆ. ಆಕೆ ಪ್ರತಿ ಸಲವೂ "ಹೂಂ" ಎನ್ನುತ್ತಿದ್ದಳು. ಅಕ್ಕಿಆಲೂರು ಬರುವ ತನಕ ನಾನು ಕಣ್ಣು ತೆರೆಯಲಿಲ್ಲ.